ಸರ್ಪದಂಶವೂ ಪ್ರತಿವಿಷವೂ

ಶ್ರಾವಣ ಮಾಸದ ಪಂಚಮಿಯಂದು ಹುತ್ತಕ್ಕೆ ಹಾಲೆರೆದು, ಅರಳು ಉಂಡಿಗಳನ್ನು ಅರ್ಪಿಸಿ, ಜೋಕಾಲಿಯಾಡಿ ನಲಿಯುವ ನಾಡು ನಮ್ಮದು. ಅದೇ ಶ್ರಾವಣ ಭಾದ್ರಪದಗಳಲ್ಲಿ ತುಂಗಭದ್ರೆಯ ಕಾಲುವೆಗಳಿಗೆ ನೀರು ಹರಿದು, ಸಿರುಗುಪ್ಪದ ಬಯಲಿನಲ್ಲಿ ನೆಲ್ಲಿನ ನಾಟಿ ಆರಂಭವಾದೊಡನೆ, ಬದುವಿನ ಹುಲ್ಲಿನಲ್ಲಿ ಬರಿಗಾಲನ್ನಿಡುವ ರೈತನು ಅದೇ ನಾಗಪ್ಪನನ್ನು ನೆನೆದು ಅಂಜುತ್ತಾನೆ. ಪೂಜೆಯೂ ಭಯವೂ ಹೀಗೆ ಒಂದೇ ಮನೆಯಲ್ಲಿ ಬಹುಕಾಲದಿಂದ ಒಟ್ಟಿಗೆ ಬಾಳಿಕೊಂಡು ಬಂದಿವೆ. ಆದರೆ ಈ ಎರಡರ ನಡುವೆ ಇರಬೇಕಾದ ಮೂರನೆಯದೊಂದು, ಎಂದರೆ ತಿಳಿವಳಿಕೆ, ನಮ್ಮ ಮನೆಗಳಲ್ಲಿ ಇನ್ನೂ ನೆಲೆಯೂರಿಲ್ಲವೆಂಬುದು ಚಿಂತಿಸಬೇಕಾದ ಸಂಗತಿ.

ಭಾರತದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಚ್ಚಿ ಮಡಿದವರು ಸುಮಾರು 12 ಲಕ್ಷ ಮಂದಿಯೆಂದು ತಜ್ಞರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58,000 ಜೀವಗಳು! ಇವರಲ್ಲಿ ಅರ್ಧದಷ್ಟು ಜನ 30ರಿಂದ 69 ವರ್ಷದೊಳಗಿನ ದುಡಿಯುವ ಪ್ರಾಯದವರು. ಕಾಲು ಪಾಲಿಗೂ ಹೆಚ್ಚು ಮಂದಿ 15 ವರ್ಷದೊಳಗಿನ ಮಕ್ಕಳು. ಅರ್ಧದಷ್ಟು ಸಾವುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಸಂಭವಿಸಿವೆ. ಬಹುಪಾಲು ಸತ್ತವರು ಹಳ್ಳಿಯವರು. ಸತ್ತದ್ದು ತಮ್ಮ ಮನೆಗಳಲ್ಲಿ. ಈ ಕೊನೆಯ ಮಾತನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಸರ್ಪವಿಷಕ್ಕೆ ನಿಶ್ಚಿತವಾದ ಔಷಧವೊಂದು ಜಗತ್ತಿಗೆ ದೊರೆತು ನೂರು ವರ್ಷಗಳಿಗೂ ಮೇಲಾಯಿತು. ಔಷಧವಿದ್ದೂ ಜನ ಸಾಯುವುದೇಕೆ? ಆ ಔಷಧವಾದರೂ ಎಂಥದು, ಹೇಗೆ ಸಿದ್ಧವಾಗುತ್ತದೆ, ಹೇಗೆ ಕೆಲಸ ಮಾಡುತ್ತದೆ? ಇವನ್ನು ನಮ್ಮ ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ತಿಳಿಯಹೇಳುವುದೇ ಪ್ರಕೃತ ಲೇಖನದ ಉದ್ದೇಶ.

ವಿಷವೆಂದರೇನು?

ನಮ್ಮ ಸುತ್ತಮುತ್ತ ಕಾಣುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ಕೇರೆಹಾವು, ನೀರುಹಾವುಗಳು ಕಚ್ಚಿದರೆ ಗಾಯವಾದೀತೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ನಾಡಿನಾದ್ಯಂತ ಅತ್ಯಧಿಕ ಸಾವಿಗೆ ಕಾರಣವಾದವು ನಾಲ್ಕು ಜಾತಿಗಳು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಹಾವಿನ ವಿಷವು ಅದರ ಮೇಲ್ದವಡೆಯ ಹಿಂಬದಿಯ ಗ್ರಂಥಿಗಳಲ್ಲಿ ಸ್ರವಿಸುವ ರಸ. ಅನೇಕ ಬಗೆಯ ಪ್ರೋಟೀನುಗಳು ಅದರಲ್ಲಿ ಕೂಡಿಕೊಂಡಿರುತ್ತವೆ. ಬೇಟೆಯನ್ನು ಕೆಡವುವುದಕ್ಕೆಂದು ಪ್ರಕೃತಿಯು ಹಾವಿಗೆ ಕೊಟ್ಟ ಸಾಧನವದು; ಮನುಷ್ಯನ ಮೇಲೆ ದ್ವೇಷ ಸಾಧಿಸುವುದಕ್ಕಲ್ಲ.

ಈ ನಾಲ್ಕು ಹಾವುಗಳ ವಿಷದ ಗುಣ ಒಂದೇ ಅಲ್ಲ. ನಾಗರಹಾವಿನ ಮತ್ತು ಕಟ್ಟುಹಾವಿನ ವಿಷಗಳು ಮುಖ್ಯವಾಗಿ ನರಗಳು ಸ್ನಾಯುಗಳಿಗೆ ಕೊಡುವ ಆಜ್ಞೆಯನ್ನು ತಡೆಯುತ್ತವೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ನಾಲಗೆ ತೊದಲುತ್ತದೆ, ಉಗುಳು ನುಂಗಲಾಗದು, ಕಡೆಗೆ ಉಸಿರಾಡಿಸುವ ಸ್ನಾಯುಗಳೇ ನಿಂತುಹೋಗುತ್ತವೆ. ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷವಾದರೋ ರಕ್ತವು ಹೆಪ್ಪುಗಟ್ಟುವ ಶಕ್ತಿಯನ್ನು ಕಳೆಯುತ್ತದೆ. ಕಚ್ಚಿದ ಭಾಗ ಬಾತು ಉರಿಯುತ್ತದೆ. ವಸಡಿನಿಂದ, ಮೂತ್ರದಲ್ಲಿ, ಹಳೆಯ ಗಾಯಗಳಿಂದಲೂ ರಕ್ತ ಒಸರುತ್ತದೆ. ಕೊಳಕುಮಂಡಲದ ವಿಷವು ಮೂತ್ರಪಿಂಡಗಳನ್ನೂ ಕೆಡಿಸಬಲ್ಲದು.

ನಮ್ಮ ಜಿಲ್ಲೆಯ ನೆಲವನ್ನು ಬಲ್ಲವರಿಗೆ ಈ ಹಾವುಗಳ ನೆಲೆಯನ್ನು ಊಹಿಸುವುದು ಕಷ್ಟವಲ್ಲ. ನೆಲ್ಲಿನ ಗದ್ದೆಯಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ನಾಗರ ಮತ್ತು ಕೊಳಕುಮಂಡಲ. ಕುರುಗೋಡಿನಂಥ ಕಲ್ಲುಗುಡ್ಡಗಳ, ಕುರುಚಲು ಬಯಲಿನ ಒಣ ಸೀಮೆಯು ಗರಗಸ ಮಂಡಲಕ್ಕೆ ಒಗ್ಗಿದ ಜಾಗ. ಇನ್ನು ಕಟ್ಟುಹಾವು ರಾತ್ರಿ ಸಂಚಾರಿ. ಕಣದಲ್ಲಿ, ಅಂಗಳದಲ್ಲಿ, ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಮಗ್ಗುಲಿಗೇ ಅದು ಹರಿದುಬರುವುದುಂಟು. ಅದರ ಹಲ್ಲು ಬಹಳ ಸಣ್ಣದಾದ್ದರಿಂದ ಕಚ್ಚಿದ್ದೇ ತಿಳಿಯದು. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದು.

ಕೆಲವು ವರ್ಷಗಳ ಹಿಂದೆ ಸಿರುಗುಪ್ಪದ ಕಡೆಯ ಹಳ್ಳಿಯೊಂದರಿಂದ ನಮ್ಮಲ್ಲಿಗೆ ಓದಲು ಬರುತ್ತಿದ್ದ ಬಾಲಕನೊಬ್ಬನು ಸುಗ್ಗಿಯ ರಜೆಯಲ್ಲಿ ತಂದೆಯೊಡನೆ ಕಣ ಕಾಯಲು ಹೋಗಿ ಅಲ್ಲಿಯೇ ಮಲಗಿದ್ದನು. ಬೆಳಗಿನ ಜಾವ ಎದ್ದು ಹೊಟ್ಟೆನೋವೆಂದನು, ವಾಂತಿಮಾಡಿಕೊಂಡನು. ಅಜೀರ್ಣವೆಂದು ಅಜವಾನದ ನೀರು ಕುಡಿಸಿದರು. ಕಣ್ಣು ಮುಚ್ಚಿಮುಚ್ಚಿ ಬರುತ್ತಿದೆಯೆಂದಾಗ ನಿದ್ದೆಗೆಟ್ಟಿರಬೇಕೆಂದರು. ಬಳಿಕ ಯಾರೋ ಗಾಳಿ ಸೋಕಿದೆಯೆನ್ನಲು ಯಂತ್ರ ಕಟ್ಟಿಸಿದರು. ಬಳ್ಳಾರಿಯ ದಾರಿ ಹಿಡಿಯುವ ಹೊತ್ತಿಗೆ ನಡುಹಗಲಾಗಿತ್ತು. ದಾರಿಯಲ್ಲಿಯೇ ಉಸಿರು ನಿಂತಿತು. ಹಾಸಿಗೆ ಕೊಡಹಿದಾಗ ಹಾವು ಸಿಕ್ಕಿತೆಂದು ಆಮೇಲೆ ತಿಳಿಯಿತು. ಆ ಮನೆಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಹಣಕ್ಕೂ ಅಷ್ಟಾಗಿ ಕೊರತೆಯಿರಲಿಲ್ಲ. ಜೋಲುವ ರೆಪ್ಪೆಯು ಕಟ್ಟುಹಾವಿನ ವಿಷದ ಲಕ್ಷಣವೆಂಬ ಒಂದು ಮಾತು ಮಾತ್ರ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಪೂರ್ವಿಕರ ವಿಷವೈದ್ಯ

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಕೈಕಟ್ಟಿ ಕುಳಿತಿರಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಅಗದತಂತ್ರವೆಂಬುದೇ ಒಂದು. ಗದವೆಂದರೆ ರೋಗ, ವಿಷ. ಅದನ್ನು ಇಲ್ಲವಾಗಿಸುವುದೇ ಅಗದ. ಸುಶ್ರುತಸಂಹಿತೆಯ ಕಲ್ಪಸ್ಥಾನವು ವಿಷಗಳಿಗೇ ಮೀಸಲಾಗಿದೆ. ಕನ್ನಡದಲ್ಲಿಯೂ 14ನೇ ಶತಮಾನದಲ್ಲಿ, ವಿಜಯನಗರದ ಆರಂಭಕಾಲದಲ್ಲಿ, ಮಂಗರಾಜ ಕವಿಯು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ರಚಿಸಿದನು. ಖಗೇಂದ್ರನೆಂದರೆ ಪಕ್ಷಿರಾಜನಾದ ಗರುಡ, ಹಾವುಗಳ ವೈರಿ. ಆಡುಮಾತಿಗೆ ಹತ್ತಿರವಾದ ನುಡಿಯಲ್ಲಿ ಶಾಸ್ತ್ರವನ್ನು ಹೇಳಬೇಕೆಂಬ ಹಂಬಲವು ನಮ್ಮಲ್ಲಿ ಎಷ್ಟು ಹಳೆಯದೆಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಆದರೆ ಪ್ರಾಚೀನರಿಗೆ ಒಂದು ಸಾಧನವಿರಲಿಲ್ಲ. ರಕ್ತದಲ್ಲಿ ಬೆರೆತ ವಿಷವನ್ನು ರಕ್ತದಲ್ಲಿಯೇ ಹುಡುಕಿ ಹಿಡಿಯುವ ವಸ್ತು ಅವರಿಗೆ ದೊರೆತಿರಲಿಲ್ಲ. ಬೇರು, ಎಲೆ, ಕಲ್ಲು, ಮಂತ್ರಗಳಾವುವೂ ಆ ಕೆಲಸವನ್ನು ಮಾಡಲಾರವು. ಹಾಗಾದರೆ ಮಂತ್ರ ಹಾಕಿಸಿಕೊಂಡು ಬದುಕಿದವರು ಎಷ್ಟೋ ಮಂದಿ ಇದ್ದಾರಲ್ಲ, ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಅದು ಪ್ರತಿಸಲ ವಿಷ ಇಳಿಸುವುದಿಲ್ಲ. ಇಂಥವರು ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಬದುಕಿದವರ ಸುದ್ದಿ ಊರೂರಿಗೆ ಹರಡುತ್ತದೆ. ಸತ್ತವರ ವಿಷಯದಲ್ಲಿ ಆಯುಷ್ಯ ತೀರಿತೆಂದು ಸುಮ್ಮನಾಗುತ್ತೇವೆ. ಮಂತ್ರದ ಕೀರ್ತಿ ಬೆಳೆದ ಬಗೆ ಇದು.

ಪ್ರತಿವಿಷದ ಜನನ

ವಿಷಕ್ಕೆ ವಿಷವೇ ಮದ್ದೆಂಬ ಮಾತು ನಮ್ಮಲ್ಲಿ ಹಳೆಯದು. ಆಧುನಿಕ ವಿಜ್ಞಾನವು ಆ ಮಾತಿಗೆ ಹೊಸ ಅರ್ಥವೊಂದನ್ನು ಕೊಟ್ಟಿತು. 1887ರಲ್ಲಿ ಅಮೆರಿಕೆಯ ಹೆನ್ರಿ ಸೀವಾಲ್ ಎಂಬಾತನು ಪಾರಿವಾಳಗಳಿಗೆ ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಮತ್ತೆಮತ್ತೆ ಚುಚ್ಚಿ, ಮಾರಕ ಪ್ರಮಾಣದ ವಿಷವನ್ನೂ ಅವು ತಾಳಿಕೊಳ್ಳುವಂತೆ ಮಾಡಿ ತೋರಿಸಿದನು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು, ಹೀಗೆ ಪಳಗಿದ ಪ್ರಾಣಿಯ ರಕ್ತದ ತಿಳಿಭಾಗವನ್ನು ಬೇರೊಂದು ಪ್ರಾಣಿಗೆ ಕೊಟ್ಟರೆ ರಕ್ಷಣೆಯೂ ಅದರೊಡನೆ ಸಾಗುತ್ತದೆಂಬುದನ್ನು ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿಷಯದಲ್ಲಿ ಸ್ಥಾಪಿಸಿದರು. ಅಂದಿನ ಫ್ರೆಂಚ್ ಆಳ್ವಿಕೆಯ ವಿಯೆಟ್ನಾಮಿನ ಸೈಗಾನ್ ನಗರದಲ್ಲಿದ್ದ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯನು, ಪ್ರವಾಹದ ನೀರಿನೊಡನೆ ಹಳ್ಳಿಯೊಂದಕ್ಕೆ ನುಗ್ಗಿದ ನಾಗರಹಾವುಗಳು ಜನರನ್ನು ಕಚ್ಚಿದ ದುರಂತದಿಂದ ಪ್ರೇರಿತನಾಗಿ ಈ ಶೋಧಗಳನ್ನು ಸರ್ಪವಿಷಕ್ಕೆ ಅನ್ವಯಿಸಿದನು. 1894ರಲ್ಲಿ ಆತನೂ, ಅದೇ ವರ್ಷ ಸ್ವತಂತ್ರವಾಗಿ ಫಿಸಾಲಿಕ್ಸ್ ಮತ್ತು ಬರ್ಟ್ರಾಂಡರೂ ಸರ್ಪವಿಷಕ್ಕೆ ಪ್ರತಿವಿಷದ ಶೋಧವನ್ನು ಪ್ರಕಟಿಸಿದರು.

ಕಾಲ್ಮೆಟ್ಟನ ಪ್ರತಿವಿಷವು ಎಲ್ಲ ಹಾವುಗಳಿಗೂ ಸಲ್ಲುವುದಿಲ್ಲವೆಂಬುದನ್ನು ಕಂಡುಕೊಂಡವನು ಬ್ರೆಜಿಲ್ ದೇಶದ ವಿಟಲ್ ಬ್ರೆಜಿಲ್. ಯಾವ ಹಾವಿನ ವಿಷದಿಂದ ಪ್ರತಿವಿಷ ತಯಾರಾಯಿತೋ ಆ ಹಾವಿಗೇ ಅದು ಮದ್ದು. ಬೀಗಕ್ಕೆ ತಕ್ಕ ಬೀಗದ ಕೈಯಂತೆ. ಭಾರತದಲ್ಲಿ ಹಿಮಾಚಲದ ಕಸೌಲಿಯ ಕೇಂದ್ರ ಸಂಶೋಧನಾಲಯವೂ ಮುಂಬಯಿಯ ಹಾಫ್ಕಿನ್ ಸಂಸ್ಥೆಯೂ ಈ ಔಷಧದ ತಯಾರಿಕೆಯಲ್ಲಿ ಹೆಸರಾದವು. ಕಚ್ಚಿದ ಹಾವು ಯಾವುದೆಂದು ಹೇಳಲು ರೋಗಿಗೆ ಸಾಮಾನ್ಯವಾಗಿ ಸಾಧ್ಯವಾಗದಿರುವುದರಿಂದ, ನಾಲ್ಕೂ ಹಾವುಗಳಿಗೆ ಸಲ್ಲುವ ಬಹುವಿಷಹಾರಿ ಔಷಧವೇ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ.

ತಯಾರಾಗುವ ಬಗೆ

ಮೊದಲು ವಿಷ ಬೇಕು. ದೇಶದ ಔಷಧ ತಯಾರಕರಿಗೆ ಬಹುಪಾಲು ವಿಷವನ್ನು ಒದಗಿಸುತ್ತ ಬಂದಿರುವುದು ಚೆನ್ನೈಗೆ ದಕ್ಷಿಣದ ವಡನೆಮ್ಮೇಲಿಯಲ್ಲಿರುವ ಇರುಳರ ಸಹಕಾರ ಸಂಘ. ಇರುಳರು ಹಾವು ಹಿಡಿಯುವುದರಲ್ಲಿ ನಿಷ್ಣಾತರಾದ ಬುಡಕಟ್ಟಿನವರು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಇವರು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಜೀವನೋಪಾಯ ಕಳೆದುಕೊಂಡಾಗ, ಉರಗತಜ್ಞ ರೋಮ್ಯುಲಸ್ ವ್ಹಿಟೇಕರರ ನೆರವಿನಿಂದ 1978ರಲ್ಲಿ ಸಂಘವು ಸ್ಥಾಪಿತವಾಯಿತು. ಅರಣ್ಯ ಇಲಾಖೆಯ ಪರವಾನಗಿಯೊಡನೆ ಹಿಡಿದ ಹಾವುಗಳನ್ನು ಮಣ್ಣಿನ ಮಡಕೆಗಳಲ್ಲಿಟ್ಟು, ವಾರಕ್ಕೊಮ್ಮೆಯಂತೆ ಸುಮಾರು ನಾಲ್ಕು ಸಲ ವಿಷ ತೆಗೆದು, ಹೊಟ್ಟೆಯ ಹುರುಪೆಯಲ್ಲಿ ಗುರುತು ಮಾಡಿ, ಮರಳಿ ಕಾಡಿಗೆ ಬಿಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದೆಂಬ ನಮ್ಮ ಗಾದೆಗೆ ಇದಕ್ಕಿಂತ ಉತ್ತಮವಾದ ಉದಾಹರಣೆ ದೊರೆಯಲಾರದು. ಈ ಬುಡಕಟ್ಟಿನ ವಡಿವೇಲ್ ಗೋಪಾಲ್ ಮತ್ತು ಮಾಸಿ ಸದೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಶಾಲೆಯ ಮೆಟ್ಟಿಲು ಹತ್ತದವರ ವಿದ್ಯೆಗೂ ದೇಶ ತಲೆಬಾಗಿದುದು ಸಂತೋಷದ ವಿಷಯ.

ತೆಗೆದ ವಿಷವನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿಮಾಡಿ ಔಷಧಾಲಯಗಳಿಗೆ ಕಳಿಸುತ್ತಾರೆ. ಅಲ್ಲಿ ಆರೋಗ್ಯವಂತವಾದ ಕುದುರೆಗಳಿಗೆ ಮೊದಲು ಅತ್ಯಲ್ಪ ಪ್ರಮಾಣದಲ್ಲಿ, ಬಳಿಕ ವಾರಗಳ ಅಂತರದಲ್ಲಿ ಪ್ರಮಾಣವನ್ನು ಹೆಚ್ಚಿಸುತ್ತ ಅದನ್ನು ಚುಚ್ಚುತ್ತಾರೆ. ಕುದುರೆ ದೊಡ್ಡ ಪ್ರಾಣಿ. ಅದರ ಮೈಯಲ್ಲಿ ರಕ್ತವೂ ಹೆಚ್ಚು. ವಿಷವನ್ನು ಪರವಸ್ತುವೆಂದು ಗುರುತಿಸಿದ ಅದರ ದೇಹವು ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳನ್ನು ಸೃಷ್ಟಿಸುತ್ತದೆ. ತಿಂಗಳುಗಳು ಕಳೆದು ಇವು ಸಾಕಷ್ಟು ಕೂಡಿದುವೆಂದು ಪರೀಕ್ಷೆಯಿಂದ ತಿಳಿದಾಗ, ಕುದುರೆಯ ಕೊರಳ ನರದಿಂದ ಮಿತವಾಗಿ ರಕ್ತ ತೆಗೆಯುತ್ತಾರೆ. ರಕ್ತದ ತಿಳಿಭಾಗವನ್ನು ಬೇರ್ಪಡಿಸಿಕೊಂಡು, ಕೆಂಪುಕಣಗಳನ್ನು ಕುದುರೆಗೇ ಮರಳಿಸುವ ಪದ್ಧತಿಯೂ ಇದೆ.

ಪ್ರತಿಕಾಯದ ಆಕಾರವು ನಮ್ಮ ಹುಡುಗರು ಹಕ್ಕಿ ಹೊಡೆಯಲು ಬಳಸುವ ಕವಣೆಯ ಕವೆಗೋಲಿನಂತೆ. ಮೇಲಿನ ಎರಡು ಕವಲುಗಳು ವಿಷವನ್ನು ಹಿಡಿಯತಕ್ಕವು. ಕೆಳಗಿನ ಹಿಡಿಯಿಂದ ಆ ಕೆಲಸವಿಲ್ಲ, ಬದಲಾಗಿ ಅದು ಮನುಷ್ಯನ ದೇಹವನ್ನು ಕೆರಳಿಸಬಲ್ಲದು. ಆದುದರಿಂದ ಜಠರದಲ್ಲಿ ಆಹಾರವನ್ನು ಅರಗಿಸುವ ಪೆಪ್ಸಿನ್ ಎಂಬ ದ್ರವ್ಯದಿಂದ ಆ ಹಿಡಿಯನ್ನು ಕತ್ತರಿಸಿ, ಕವಲುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಅನಂತರ ಶೋಧನೆ, ಶುದ್ಧೀಕರಣ, ಇಲಿಗಳ ಮೇಲೆ ಸಾಮರ್ಥ್ಯಪರೀಕ್ಷೆ ಮುಂತಾದ ಹಂತಗಳನ್ನು ದಾಟಿ, ಔಷಧವು ಸಣ್ಣ ಸೀಸೆಗಳಲ್ಲಿ ಒಣ ಪುಡಿಯಾಗಿ ನಮ್ಮ ಆಸ್ಪತ್ರೆಗಳಿಗೆ ಬರುತ್ತದೆ. ದ್ರವರೂಪದ ಪ್ರತಿವಿಷವನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಇಡಬೇಕು. ಪುಡಿಯಾದರೆ ತಂಪಾದ, ನೆರಳಿನ ಸ್ಥಳದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಬೇಸಿಗೆಯಲ್ಲಿ ಬೆಂಕಿಯಂತೆ ಕಾಯುವ, ವಿದ್ಯುತ್ತು ಬಂದುಹೋಗುವ ನಮ್ಮ ಸೀಮೆಗೆ ಇದರ ಬೆಲೆಯೆಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಹೀಗೆ ವಿಷಕ್ಕೆ ಮದ್ದಾದುದು ವಿಷವಲ್ಲ. ವಿಷವನ್ನು ಎದುರಿಸಿದ ಕುದುರೆಯ ರಕ್ತದಲ್ಲಿ ಹುಟ್ಟಿದ ಶಕ್ತಿ. ಪಿಂಜರಾಪೋಲಿನ ಮುದಿ ಕುದುರೆಗೆ ಹುಲ್ಲು ಹಾಕುವ ನಾವು, ನಮ್ಮ ಮಕ್ಕಳ ಜೀವವುಳಿಸುವ ಈ ಕುದುರೆಗಳನ್ನೂ ಒಮ್ಮೆ ನೆನೆಯಬೇಕು.

ಚಿಕಿತ್ಸೆಯ ಕ್ರಮ

ಸೀಸೆಯಲ್ಲಿನ ಪುಡಿಯನ್ನು ಶುದ್ಧಜಲದಲ್ಲಿ ಕರಗಿಸಿದರೆ 10 ಮಿಲಿಲೀಟರ್ ಔಷಧವಾಗುತ್ತದೆ. ಅದರ ಒಂದೊಂದು ಮಿಲಿಲೀಟರು ನಾಗರಹಾವಿನ ಅಥವಾ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು, ಕಟ್ಟುಹಾವಿನ ಅಥವಾ ಗರಗಸ ಮಂಡಲದ 0.45 ಮಿಲಿಗ್ರಾಂ ವಿಷವನ್ನು ನಿಷ್ಫಲಗೊಳಿಸಬೇಕೆಂಬುದು ನಿಯಮ. ಕೊಳಕುಮಂಡಲವು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷವನ್ನು ಇಳಿಸುತ್ತದೆಂದು ಲೆಕ್ಕ. ಹತ್ತು ಸೀಸೆಯ 100 ಮಿಲಿಲೀಟರ್ ಔಷಧವು 60 ಮಿಲಿಗ್ರಾಂ ವಿಷವನ್ನು ಅಡಗಿಸುತ್ತದೆ. ಮೊದಲ ಸಲಕ್ಕೆ 8ರಿಂದ 10 ಸೀಸೆಗಳನ್ನು ಕೊಡುವುದರ ಮರ್ಮ ಇದೇ. ಮಕ್ಕಳಿಗೂ ಇಷ್ಟೇ ಪ್ರಮಾಣ. ಎಳೆಯ ಮಗುವೆಂದು ಹಾವು ವಿಷವನ್ನು ಕಡಿಮೆ ಮಾಡುವುದಿಲ್ಲವಷ್ಟೆ.

ಕಚ್ಚಿಸಿಕೊಂಡು ಬಂದವರಿಗೆಲ್ಲ ಪ್ರತಿವಿಷ ಕೊಡುವುದಿಲ್ಲ. ವಿಷವೇರಿದ ಲಕ್ಷಣ ಕಂಡವರಿಗೆ ಮಾತ್ರ ಕೊಡುತ್ತಾರೆ. ಇದನ್ನರಿಯಲು ಸರಳವಾದ ಪರೀಕ್ಷೆಯೊಂದಿದೆ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ರೋಗಿಯ ರಕ್ತವನ್ನು ಸ್ವಲ್ಪ ತೆಗೆದುಕೊಂಡು 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ಬಾಗಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷವು ರಕ್ತವನ್ನು ಕೆಡಿಸಿದೆಯೆಂದರ್ಥ. ನರವಿಷದ ಲಕ್ಷಣಗಳನ್ನು ರೆಪ್ಪೆ, ಮಾತು, ಉಸಿರುಗಳಿಂದ ಗುರುತಿಸುತ್ತಾರೆ. ಆದುದರಿಂದ ಔಷಧ ಕೊಡದೆ ಮಲಗಿಸಿ ನೋಡುತ್ತಿದ್ದಾರೆಂದು ವೈದ್ಯರೊಡನೆ ಜಗಳಕ್ಕೆ ನಿಲ್ಲುವುದು ಸಲ್ಲದು. ಆ ಕಾಯುವಿಕೆಯೂ ಚಿಕಿತ್ಸೆಯ ಒಂದು ಭಾಗ.

ಪ್ರತಿವಿಷವನ್ನು ರಕ್ತನಾಳದ ಮೂಲಕ ಸುಮಾರು ಒಂದು ತಾಸಿನಲ್ಲಿ ಇಳಿಸುತ್ತಾರೆ. ಕಚ್ಚಿದ ಜಾಗಕ್ಕೆ ಚುಚ್ಚುವುದರಿಂದ ಪ್ರಯೋಜನವಿಲ್ಲ. ಕುದುರೆಯ ಪ್ರೋಟೀನು ನಮ್ಮ ದೇಹಕ್ಕೆ ಪರಕೀಯವಾದುದರಿಂದ ಕೆಲವರಿಗೆ ನವೆ, ದದ್ದು, ನಡುಕ, ಉಸಿರುಗಟ್ಟುವಿಕೆ ಉಂಟಾಗುತ್ತದೆ. ಇದಕ್ಕೆ ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ. ಈ ಕಾರಣದಿಂದಲೇ ಪ್ರತಿವಿಷವು ಮನೆಯಲ್ಲಿಟ್ಟುಕೊಂಡು ಕೊಡತಕ್ಕ ಔಷಧವಲ್ಲ. ನಾಗರಹಾವಿನ ವಿಷಕ್ಕೆ ನಿಯೋಸ್ಟಿಗ್ಮಿನ್ ಎಂಬ ಔಷಧವೂ ನೆರವಾಗುತ್ತದೆ. ಉಸಿರಾಟ ಸೋತರೆ ಯಂತ್ರದಿಂದ ಉಸಿರಾಡಿಸಬೇಕು. ಮೂತ್ರಪಿಂಡ ಸೋತರೆ ರಕ್ತವನ್ನು ಯಂತ್ರದಿಂದ ಶೋಧಿಸಬೇಕು.

ಇಲ್ಲಿ ಕಾಲದ ಮಹತ್ವವನ್ನು ತಿಳಿಯಬೇಕು. ಪ್ರತಿವಿಷವು ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನು ಹಿಡಿಯುತ್ತದೆ. ಆ ವಿಷ ಈಗಾಗಲೇ ಮಾಡಿದ ಹಾನಿಯನ್ನು ಸರಿಪಡಿಸಲಾರದು. ಕಟ್ಟುಹಾವಿನ ವಿಷವು ನರದ ತುದಿಗಳನ್ನೇ ಹಾಳುಗೆಡಹುತ್ತದೆ. ಅವು ಮತ್ತೆ ಚಿಗುರುವವರೆಗೆ ದಿನಗಟ್ಟಲೆ ಯಂತ್ರದ ಉಸಿರೇ ಗತಿ. ಕಳ್ಳನು ಮನೆ ಹೊಕ್ಕೊಡನೆ ಕಾವಲುಗಾರ ಬಂದರೆ ಮನೆ ಉಳಿದೀತು. ದೋಚಿದ ಮೇಲೆ ಬಂದರೆ ಕಳ್ಳ ಸಿಕ್ಕಾನು, ಬದುಕು ಮರಳಿ ಬಾರದು.

ಕೊರತೆಗಳೂ ಪ್ರಯತ್ನಗಳೂ

ಈ ಔಷಧದಲ್ಲಿ ಕೊರತೆಗಳೂ ಇವೆ. ಮಲೆನಾಡಿನಲ್ಲಿರುವ ಕೆಲವು ಗುಳಿಮಂಡಲಗಳ ವಿಷಕ್ಕೆ ಇದು ನಾಟದು. ಮೇಲಾಗಿ ಒಂದೇ ಜಾತಿಯ ಹಾವಿನ ವಿಷವು ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ತಮಿಳುನಾಡಿನ ಒಂದು ಭಾಗದ ಹಾವುಗಳ ವಿಷದಿಂದ ತಯಾರಾದ ಔಷಧವು ದೂರದ ಸೀಮೆಗಳ ಹಾವುಗಳಿಗೆ ಅಷ್ಟೇ ಪರಿಣಾಮಕಾರಿಯಾಗದಿರಬಹುದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಮತ್ತು ಅವರ ಸಂಗಡಿಗರು ತೋರಿಸಿದ್ದಾರೆ. ಅವರೂ ಅಮೆರಿಕೆಯ ವಿಜ್ಞಾನಿಗಳೂ ಕೂಡಿ, ನಾಗರ, ಕಟ್ಟುಹಾವು ಮುಂತಾದವುಗಳ ಒಂದು ಪ್ರಮುಖ ನರವಿಷವನ್ನು ತಡೆಯುವ ಕೃತಕ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿದರು. ಅದು ಇನ್ನೂ ಪ್ರಯೋಗಾಲಯದ ಹಂತದ್ದು. ಅಂಥದು ಕೈಗೆ ಬರುವವರೆಗೆ ಇಂದಿನ ಪ್ರತಿವಿಷವೇ ನಮಗೆ ಆಸರೆ. ಕೊರತೆಗಳಿದ್ದರೂ ಅದರಿಂದ ಉಳಿದ ಜೀವಗಳು ಅಸಂಖ್ಯ.

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಸರ್ಪದಂಶವನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಕರ್ನಾಟಕ ಸರ್ಕಾರವು ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡತಕ್ಕ ವ್ಯಾಧಿಯೆಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರವು 2030ರೊಳಗೆ ಇಂಥ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆಯನ್ನು ಪ್ರಕಟಿಸಿತು.

ನಮ್ಮ ಕರ್ತವ್ಯ

ವಿದ್ಯಾರ್ಥಿಮಿತ್ರರೇ, ಸರ್ಕಾರದ ಯೋಜನೆ ಆಸ್ಪತ್ರೆಯ ಬಾಗಿಲವರೆಗೆ ಬಂದೀತು. ಹೊಲದಿಂದ ಆ ಬಾಗಿಲವರೆಗಿನ ದಾರಿ ನಿಮ್ಮದು. ಆದುದರಿಂದ ಈ ಕೆಲವು ಮಾತುಗಳನ್ನು ಮನೆಯವರಿಗೆಲ್ಲ ತಿಳಿಸಿರಿ.

ಹಾವು ಕಚ್ಚಿದವರಿಗೆ ಮೊದಲು ಧೈರ್ಯ ಹೇಳಿರಿ. ಕಚ್ಚಿದ ಕೈಕಾಲನ್ನು, ಎಲುಬು ಮುರಿದಾಗ ಮಾಡುವಂತೆ, ದಬ್ಬೆಯಿಟ್ಟು ಅಲುಗದಂತೆ ಇರಿಸಿರಿ. ಉಂಗುರ, ಬಳೆ, ಕಾಲುಂಗುರ, ಕಡಗಗಳನ್ನು ಬಾವು ಏರುವ ಮುನ್ನವೇ ತೆಗೆಯಿರಿ. ಹಗ್ಗದಿಂದ ಬಿಗಿಯಬೇಡಿರಿ, ಕೊಯ್ಯಬೇಡಿರಿ, ಬಾಯಿಂದ ಹೀರಬೇಡಿರಿ, ಸುಡಬೇಡಿರಿ, ಸೊಪ್ಪಿನ ರಸ ಹಚ್ಚಬೇಡಿರಿ. ಯಾರಾದರೂ ಈಗಾಗಲೇ ಬಿಗಿದಿದ್ದರೆ ದಾರಿಯಲ್ಲಿ ಹಠಾತ್ತನೆ ಬಿಚ್ಚದೆ ವೈದ್ಯರ ಮುಂದೆಯೇ ಬಿಚ್ಚಿಸಿರಿ. ರೋಗಿಯನ್ನು ನಡೆಸಬೇಡಿರಿ, ಓಡಿಸಬೇಡಿರಿ. 108ಕ್ಕೆ ಕರೆಮಾಡಿರಿ; ಬಂಡಿ ಬರುವುದು ತಡವಾದರೆ ಮೋಟಾರ್ ಸೈಕಲ್ಲಿನಲ್ಲಿಯಾದರೂ ಇಬ್ಬರ ನಡುವೆ ಕೂರಿಸಿಕೊಂಡು ಹೊರಡಿರಿ. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಹೊತ್ತು ಕಳೆಯಬೇಡಿರಿ, ಇನ್ನೊಬ್ಬರು ಕಚ್ಚಿಸಿಕೊಂಡಾರು.

ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮೇಲೆ; ಕುರುಗೋಡಿನಿಂದ ಅದರ ಅರ್ಧದಷ್ಟು. ಆದುದರಿಂದ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಪ್ರತಿವಿಷವನ್ನು ಆರಂಭಿಸಿಕೊಂಡು, ವೈದ್ಯರು ಹೇಳಿದರೆ ಮುಂದೆ ಬಳ್ಳಾರಿಗೆ ಸಾಗುವುದು ಯೋಗ್ಯ. 1961ರಲ್ಲಿ ಆರಂಭವಾಗಿ, ಬಹುಕಾಲ ವಿಮ್ಸ್ ಎಂದು ಜನರ ಬಾಯಲ್ಲಿ ಹೆಸರಾಗಿದ್ದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಅಲ್ಲಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷಕ್ಕೆ ಹಣ ಕೊಡಬೇಕಾಗಿಲ್ಲ.

ಕಚ್ಚದಂತೆ ನೋಡಿಕೊಳ್ಳುವುದು ಇನ್ನೂ ಲೇಸು. ರಾತ್ರಿ ಹೊರಗೆ ಕಾಲಿಡುವಾಗ ದೀಪವಿರಲಿ. ಗದ್ದೆಗೆ ಹೋಗುವಾಗ ಕಾಲಿಗೆ ಬೂಟು ಇರಲಿ. ಬಣವಿಯ ಮೇವನ್ನೋ ಸೌದೆಯನ್ನೋ ತೆಗೆಯುವ ಮುನ್ನ ಕೋಲಿನಿಂದ ತಟ್ಟಿರಿ. ಕಣದಲ್ಲಿಯಾಗಲಿ ಅಂಗಳದಲ್ಲಿಯಾಗಲಿ ನೆಲದ ಮೇಲೆ ಮಲಗದೆ ಮಂಚ ಹಾಕಿಕೊಂಡು, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿರಿ. ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು ಬಂದು ಕಣ್ಣಿನ ರೆಪ್ಪೆ ಜೋಲುತ್ತಿದ್ದರೆ, ಕಡಿತದ ಗುರುತು ಕಾಣದಿದ್ದರೂ, ಒಡನೆಯೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪಂಚಮಿಯ ಹಬ್ಬವನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹಾವು ರೈತನ ಕಾಳನ್ನು ತಿನ್ನುವ ಇಲಿಗಳ ಶತ್ರು. ಅದನ್ನು ಗೌರವಿಸಿದ ಹಿರಿಯರು ಅವಿವೇಕಿಗಳಲ್ಲ. ಈ ಬಾರಿ ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ಹಾಲೆರೆದು ಬಂದ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ನಿಮ್ಮ ಊರಿಗೆ ಯಾವ ಆಸ್ಪತ್ರೆ ಹತ್ತಿರ, ರಾತ್ರಿ ಹೊತ್ತು ಯಾರ ಗಾಡಿ ಸಿಕ್ಕೀತು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಆ ಚೀಟಿಯನ್ನು ಬಾಗಿಲ ಹಿಂದೆ, ಎಲ್ಲರಿಗೂ ಕಾಣುವಂತೆ ಅಂಟಿಸಿರಿ.